ಅರಮನೆಯ ಪಿಸುಮಾತು

ಬೆಂಗಳೂರಿನ ಕಬ್ಬನ್ ಪಾರ್ಕಿನ ಅಂಚಿನಲ್ಲಿ ವಿಕ್ಟೋರಿಯಾ ರಾಣಿಯ ಅಮೃತಶಿಲೆಯ ವಿಗ್ರಹವಿದೆಯಲ್ಲ, ಅದನ್ನು ನೋಡಿಕೊಂಡೇ ಬೆಳೆದವನು ನಾನು. 1906ರಲ್ಲಿ, ಮುಂದೆ ಐದನೆಯ ಜಾರ್ಜ್ ಆದ ಯುವರಾಜ, ತನ್ನ ಅಜ್ಜಿಯ ಆ ವಿಗ್ರಹವನ್ನು ಅನಾವರಣ ಮಾಡಿದ. ಅದನ್ನು ನೋಡಿದವರಿಗೆ ಆ ಮಹಾತಾಯಿ ಹುಟ್ಟುವಾಗಲೇ ವಯಸ್ಸಾದವಳಾಗಿ, ಗಂಭೀರಳಾಗಿ, ತಪ್ಪು ಮಾಡಲು ಬಾರದವಳಾಗಿ ಹುಟ್ಟಿರಬೇಕೆನಿಸುತ್ತದೆ. ಅವಳಿಗೂ ಒಂದು ಕಾಲದಲ್ಲಿ ಹತ್ತೊಂಬತ್ತು ವರ್ಷವಾಗಿತ್ತು, ಆ ವಯಸ್ಸಿನಲ್ಲಿ ಅವಳೂ ಮೂಲೆಯಲ್ಲಿ ಕುಳಿತು ಇನ್ನೊಬ್ಬ ಹೆಂಗಸಿನ ಹೊಟ್ಟೆಯ ಮೇಲೆ ಕಣ್ಣಿಟ್ಟು ಪಿಸುಗುಟ್ಟಿದ್ದಳು ಎಂದರೆ ನಂಬುವುದು ಕಷ್ಟ.

ಈ ಸಂಗತಿ ನನಗೆ ತಿಳಿದದ್ದು ಬೇರೆ ಏನನ್ನೋ ಹುಡುಕುವಾಗ. 1818ರಲ್ಲಿ ಪೇಶ್ವೆಯ ಆಳಿಕೆ ಮುಗಿದು ನಮ್ಮ ಧಾರವಾಡದ ಸೀಮೆ ಕಂಪನಿಯ ಕೈಸೇರಿತಷ್ಟೆ. ಆಗ ಕಲ್ಕತ್ತೆಯಲ್ಲಿ ಗವರ್ನರ್ ಜನರಲ್ ಆಗಿದ್ದವನು ಹೇಸ್ಟಿಂಗ್ಸ್‌ನ ಮಾರ್ಕ್ವಿಸ್. ಹಳೆಯ ವಾರನ್ ಹೇಸ್ಟಿಂಗ್ಸ್ ಅಲ್ಲ, ಇವನು ಬೇರೆ. ಇವನ ವಿಷಯ ಓದುತ್ತಿದ್ದಾಗ ಒಂದು ಕಡೆ ತಡೆದು ನಿಂತೆ. 1826ರಲ್ಲಿ ನೇಪಲ್ಸಿನ ಬಳಿ ಸಮುದ್ರದ ಮೇಲೆ ಇವನು ಸತ್ತನಂತೆ. ಸಾಯುವ ಮುನ್ನ ಒಂದು ಮಾತು ಬರೆದಿಟ್ಟಿದ್ದ: ನನ್ನ ಬಲಗೈಯನ್ನು ಕತ್ತರಿಸಿ ಕಾಪಾಡಿಡಿ, ನನ್ನ ಹೆಂಡತಿ ಸತ್ತಾಗ ಅವಳ ಶವಪೆಟ್ಟಿಗೆಯಲ್ಲಿ ಇಡಿ ಎಂದು. ಹಾಗೆಯೇ ಮಾಡಿದರು. ಇಂಥ ಗಂಡನ ಹೆಂಡತಿ ಯಾರು, ಮಕ್ಕಳು ಯಾರು ಎಂದು ನೋಡಹೊರಟವನಿಗೆ ಸಿಕ್ಕಿದವಳು ಲೇಡಿ ಫ್ಲೋರಾ.

ತಾಯಿ ಸ್ಕಾಟ್ಲೆಂಡಿನವಳು. ಏರ್‌ಷೈರ್ ಪ್ರಾಂತದ ಲೌಡನ್ ಮನೆತನದ ಒಡತಿ. ಗಂಡನಿಂದ ಬಂದ ಪದವಿಯಲ್ಲ, ತನ್ನ ಹುಟ್ಟಿನಿಂದಲೇ ಬಂದ ಕೌಂಟೆಸ್ ಪದವಿ ಅವಳದು. ಹಿರಿಯ ಮಗಳು ಫ್ಲೋರಾ 1806ರಲ್ಲಿ ಎಡಿನ್‌ಬರೋ ಪಟ್ಟಣದಲ್ಲಿ ಹುಟ್ಟಿದಳು. 1813ರಲ್ಲಿ ತಂದೆ ಹಿಂದೂಸ್ಥಾನಕ್ಕೆ ಬಂದ. ಮರುವರ್ಷ ಹೆಂಡತಿ, ಚಿಕ್ಕ ಮಕ್ಕಳು, ಕಾರ್ಯದರ್ಶಿಗಳು, ಎಲ್ಲರನ್ನೂ ಕಟ್ಟಿಕೊಂಡು 220 ದೋಣಿಗಳ ತಾಂಡಾದಲ್ಲಿ ಗಂಗೆಯ ಮೇಲೆ ಉತ್ತರ ದೇಶದ ಯಾತ್ರೆ ಹೊರಟ. ಕಂಡದ್ದನ್ನೆಲ್ಲ ಬರೆಯಲು ಸೀತಾರಾಮ ಎಂಬ ಚಿತ್ರಕಾರ ಜೊತೆಗಿದ್ದ. ಮಾರ್ಕ್ವಿಸ್ ತಾನೂ ಒಂದು ದಿನಚರಿ ಬರೆದ. ಅದನ್ನು ಬರೆದದ್ದು ಕಂಪನಿಯ ದೊರೆಗಳಿಗಾಗಿ ಅಲ್ಲ, ತನ್ನ ಮಕ್ಕಳಿಗಾಗಿ. ದೊಡ್ಡವರಾದ ಮೇಲೆ ಓದಿಕೊಳ್ಳಲಿ ಎಂದು. ಆಗ ಫ್ಲೋರಾಳಿಗೆ ಎಂಟು ವರ್ಷ.

ಯುದ್ಧಗಳನ್ನು ಗೆದ್ದ ಈ ಮನುಷ್ಯ ಹಣವನ್ನು ಗೆಲ್ಲಲಿಲ್ಲ. ಹೈದರಾಬಾದಿನ ಪಾಮರ್ ಕಂಪನಿಯ ಲೇವಾದೇವಿಯಲ್ಲಿ ಹೆಸರು ಕೆಡಿಸಿಕೊಂಡು 1823ರಲ್ಲಿ ದೇಶ ಬಿಟ್ಟ. ಆಮೇಲೆ ಮಾಲ್ಟಾ ದ್ವೀಪದ ಗವರ್ನರಿಕೆ, ಅಲ್ಲಿಂದ ಮುಂದೆ ಮೇಲೆ ಹೇಳಿದ ಸಾವು. ಮಕ್ಕಳಿಗೆ ಉಳಿದದ್ದು ದೊಡ್ಡ ಹೆಸರು ಮತ್ತು ದೊಡ್ಡ ಸಾಲ.

ಫ್ಲೋರಾ ಮದುವೆಯಾಗಲಿಲ್ಲ. ಚೆನ್ನಾಗಿ ಓದಿಕೊಂಡವಳು, ಪದ್ಯ ಬರೆಯುತ್ತಿದ್ದವಳು, ನಾಲಗೆ ಸ್ವಲ್ಪ ಚುರುಕು. 1834ರಲ್ಲಿ ಕೆಂಟ್‌ನ ಡಚೆಸ್ ಎಂಬಾಕೆಯ ಪರಿವಾರದಲ್ಲಿ ಸಖಿಯಾಗಿ ಸೇರಿದಳು. ಈ ಡಚೆಸ್‌ಳೇ ವಿಕ್ಟೋರಿಯಾಳ ತಾಯಿ, ವಿಧವೆ, ಜರ್ಮನಿಯವಳು. ಅವಳ ಮನೆಯ ಆಡಳಿತವೆಲ್ಲ ಸರ್ ಜಾನ್ ಕಾನ್ರಾಯ್ ಎಂಬ ಪಾರುಪತ್ಯಗಾರನ ಕೈಯಲ್ಲಿ. ಮುಂದೆ ರಾಣಿಯಾಗುವ ಹುಡುಗಿಯನ್ನು ಮುಷ್ಟಿಯಲ್ಲಿಟ್ಟುಕೊಂಡರೆ ರಾಜ್ಯವೇ ಮುಷ್ಟಿಯಲ್ಲಿ ಎಂಬುದು ಅವನ ಲೆಕ್ಕ. ಹುಡುಗಿ ತಾಯಿಯ ಕೋಣೆಯಲ್ಲೇ ಮಲಗಬೇಕು. ಯಾರಾದರೂ ಕೈ ಹಿಡಿದಿರದೆ ಮೆಟ್ಟಲಿಳಿಯಬಾರದು. ಹೊರಗಿನವರನ್ನು ಒಂಟಿಯಾಗಿ ಕಾಣಬಾರದು. ಈ ಬೇಲಿಯೊಳಗೆ ಹುಡುಗಿಗೆ ತನ್ನವಳೆಂದು ಇದ್ದವಳು ಲೇಹ್ಜೆನ್ ಎಂಬ ಜರ್ಮನ್ ಉಪಾಧ್ಯಾಯಿನಿ ಒಬ್ಬಳೇ. ಕಾನ್ರಾಯ್ ಪಕ್ಷದವರಿಗೆ ಲೇಹ್ಜೆನ್ ಎಂದರೆ ಆಗದು. ಪಾಪ, ಆಕೆಗೆ ಜೀರಿಗೆಯ ಜಾತಿಯ ಒಂದು ಕಾಳಿನ ಮೇಲೆ ಬಹಳ ಆಸೆ. ತವರಿನಿಂದ ತರಿಸಿ ಎಲ್ಲ ಪದಾರ್ಥದ ಮೇಲೂ ಉದುರಿಸಿಕೊಳ್ಳುತ್ತಿದ್ದಳು. ಊಟದ ಮೇಜಿನಲ್ಲಿ ಅದನ್ನು ಹಿಡಿದು ನಗೆಯಾಡುವವರಲ್ಲಿ ಫ್ಲೋರಾ ಒಬ್ಬಳು.

ಇದನ್ನು ನಾನು ಬೇಕೆಂದೇ ಹೇಳುತ್ತಿದ್ದೇನೆ. ಫ್ಲೋರಾ ದೇವತೆಯಲ್ಲ. ಎರಡು ಪಂಗಡವಾಗಿ ಒಡೆದ ಮನೆಯಲ್ಲಿ ಒಂದು ಪಂಗಡದ ಆಳು ಅವಳು, ಆ ಪಂಗಡ ಒಂದು ಎಳೆಯ ಜೀವವನ್ನು ಹಿಂಸಿಸುತ್ತಿತ್ತು, ಅದನ್ನು ಅವಳು ತಡೆಯಲಿಲ್ಲ. ಜೀರಿಗೆಯ ಮೇಲಿನ ನಗೆಯನ್ನು ಆ ಹುಡುಗಿಯಾಗಲಿ ಲೇಹ್ಜೆನ್ ಆಗಲಿ ಮರೆತಿದ್ದರೆ ಮುಂದಿನ ಕತೆ ಬೇರೆಯಾಗುತ್ತಿತ್ತೋ ಏನೋ.

1837ರ ಜೂನ್ 20ರಂದು ವಿಕ್ಟೋರಿಯಾ ರಾಣಿಯಾದಳು. ಆ ದಿನವೇ ಅವಳು ಮಾಡಿಸಿದ ಕೆಲಸವೆಂದರೆ ತಾಯಿಯ ಕೋಣೆಯಿಂದ ತನ್ನ ಮಂಚವನ್ನು ಹೊರಗೆ ತೆಗೆಸಿದ್ದು. ಬಕಿಂಗ್‌ಹ್ಯಾಮ್ ಅರಮನೆಗೆ ಬಂದಮೇಲೆ ತಾಯಿಗೆ ದೂರದ ಕೋಣೆಗಳು, ಲೇಹ್ಜೆನ್‌ಳಿಗೆ ಹತ್ತಿರದವು. ತಂದೆಯನ್ನು ಕಾಣದೆ ಬೆಳೆದ ರಾಣಿಗೆ ಅರವತ್ತರ ಹತ್ತಿರವಿದ್ದ ಪ್ರಧಾನಮಂತ್ರಿ ಮೆಲ್ಬರ್ನ್ ತಂದೆಯೂ ಗುರುವೂ ಸ್ನೇಹಿತನೂ ಆದ. ಮದುವೆಯಾಗದ ರಾಣಿ ತಾಯಿಯಿಂದ ಬೇರೆಯಾಗಿರುವುದು ಲೋಕಕ್ಕೆ ಒಪ್ಪದ ಮಾತು. ಆದ್ದರಿಂದ ತಾಯಿ, ತಾಯಿಯ ಹಿಂದೆ ಕಾನ್ರಾಯ್, ಫ್ಲೋರಾ, ಎಲ್ಲರೂ ಒಂದೇ ಸೂರಿನ ಕೆಳಗೆ ಉಳಿದರು. ಮುಖಮುಖ ನೋಡದ ಓರಗಿತ್ತಿಯರಿರುವ ಒಟ್ಟುಕುಟುಂಬವನ್ನು ಕಂಡವರಿಗೆ ಆ ಅರಮನೆಯ ಗಾಳಿಯನ್ನು ವರ್ಣಿಸಿ ಹೇಳಬೇಕಿಲ್ಲ.

1838ರ ಕ್ರಿಸ್‌ಮಸ್ಸಿಗೆ ಫ್ಲೋರಾ ಸ್ಕಾಟ್ಲೆಂಡಿಗೆ, ತಾಯಿಯ ಬಳಿಗೆ ಹೋದಳು. ಹಿಂದಿರುಗುವಾಗ ದಾರಿಯಲ್ಲಿ ಕಾನ್ರಾಯ್ ಜೊತೆ ಒಂದೇ ಸಾರೋಟಿನಲ್ಲಿ ಬಂದಳು. 1839ರ ಜನವರಿಯಲ್ಲಿ ಅರಮನೆಗೆ ಬರುವಾಗ ಅವಳಿಗೆ ಪಕ್ಕೆನೋವು, ವಾಕರಿಕೆ, ಹೊಟ್ಟೆ ಊದಿಕೊಂಡಿತ್ತು. ರಾಜವೈದ್ಯ ಸರ್ ಜೇಮ್ಸ್ ಕ್ಲಾರ್ಕ್ ಬಳಿಗೆ ತಾನಾಗಿಯೇ ಹೋದಳು. ಅವನು ಬಟ್ಟೆಯ ಮೇಲಿಂದಲೇ ಮುಟ್ಟಿ ನೋಡಿ, ವಿರೇಚನದ ಗುಳಿಗೆಗಳನ್ನೂ ಕರ್ಪೂರದ ಲೇಪವನ್ನೂ ಕೊಟ್ಟು ಕಳಿಸಿದ.

ಈ ವೈದ್ಯನ ಹಳೆಯ ಚರಿತ್ರೆ ಒಂದನ್ನು ಇಲ್ಲಿ ಹೇಳಬೇಕು. 1820ರ ಕೊನೆಯಲ್ಲಿ ಕ್ಷಯರೋಗದಿಂದ ರೋಮ್ ನಗರಕ್ಕೆ ಬಂದ ಕವಿ ಕೀಟ್ಸ್‌ನನ್ನು ನೋಡಿಕೊಂಡವನು ಇವನೇ. ಒಳ್ಳೆಯ ಮನಸ್ಸಿನಿಂದಲೇ ನೋಡಿಕೊಂಡ. ಆದರೆ ಮೊದಲಿಗೆ ಅವನಿಗೆ ಕಂಡದ್ದು, ಕವಿಯ ತೊಂದರೆಯೆಲ್ಲ ಹೊಟ್ಟೆಯದೆಂದು. ಎದೆಯ ರೋಗದಲ್ಲಿ ಹೊಟ್ಟೆಯನ್ನು ಕಂಡವನು ಈಗ ಹೊಟ್ಟೆಯ ರೋಗದಲ್ಲಿ ಮಗುವನ್ನು ಕಂಡ.

ಅವನಿಗಿಂತ ಮೊದಲು ಕಂಡವರು ಬೇರೆಯವರಿದ್ದರು. ಫೆಬ್ರವರಿ 2ರ ದಿನಚರಿಯಲ್ಲಿ ರಾಣಿ ಬರೆದುಕೊಂಡಿದ್ದಾಳೆ: ತಾನೂ ಲೇಹ್ಜೆನ್‌ಳೂ ಫ್ಲೋರಾಳ ಆಕಾರವನ್ನು ಗಮನಿಸಿದ್ದೇವೆ, ಆಕೆ ಬಸುರಿಯೆಂಬುದರಲ್ಲಿ ಅನುಮಾನವಿಲ್ಲ, ಕಾರಣನಾದವನು ಆ ರಾಕ್ಷಸನೇ ಎಂದು. ರಾಕ್ಷಸ ಎಂದರೆ ಕಾನ್ರಾಯ್. ನಮ್ಮಲ್ಲಿ ಇಂಥ ಸಂದರ್ಭದಲ್ಲಿ ಅಗಸನ ಮಾತು ಎನ್ನುತ್ತೇವೆ. ಅಲ್ಲಿ ಅಗಸನಿಗೆ ಕೆಲಸವಿರಲಿಲ್ಲ. ಸಿಂಹಾಸನದಲ್ಲಿ ಕುಳಿತವಳೇ ಅದನ್ನು ಮಾಡಿದಳು. ಸಖಿಯರು ಗಾಬರಿಯಾಗಿ ಲೇಡಿ ಟ್ಯಾವಿಸ್ಟಾಕ್ ಬಳಿ ಹೇಳಿದರು, ಆಕೆ ಮೆಲ್ಬರ್ನ್ ಬಳಿ ಹೇಳಿದಳು, ಮೆಲ್ಬರ್ನ್ ವೈದ್ಯನನ್ನು ಕರೆಸಿದ. ವೈದ್ಯ ತನಗೂ ಸಂಶಯವಿದೆ ಎಂದ. ಸುಮ್ಮನೆ ಕಾದು ನೋಡೋಣ ಎಂದ ಮೆಲ್ಬರ್ನ್. (ಈ ಲೇಡಿ ಟ್ಯಾವಿಸ್ಟಾಕಳೇ ಮುಂದೆ ಬೆಡ್‌ಫರ್ಡ್‌ನ ಡಚೆಸ್ ಆದವಳು, ಇಂಗ್ಲಿಷರ ಸಾಯಂಕಾಲದ ಚಹಾ ಕೂಟವನ್ನು ಶುರುಮಾಡಿದ ಕೀರ್ತಿಯನ್ನು ಅವಳಿಗೆ ಕೊಡುತ್ತಾರೆ. ಚಹಾ ಇಲ್ಲದಾಗಲೂ ಮಾತಿಗೆ ಕೊರತೆ ಇರಲಿಲ್ಲವೆಂದು ಇದರಿಂದ ತಿಳಿಯುತ್ತದೆ.)

ಕಡೆಗೆ ಸರ್ ಜೇಮ್ಸ್ ಫ್ಲೋರಾಳ ಕೋಣೆಗೇ ಹೋಗಿ, ಗುಟ್ಟಾಗಿ ಮದುವೆಯಾಗಿದ್ದೀರಾ ಎಂದು ಕೇಳಿದ. ಅವಳು ಇಲ್ಲವೆಂದಳು. ಅವನು ನಂಬಲಿಲ್ಲ. ಅಷ್ಟರಲ್ಲಿ ರಾಣಿಯ ಸಖಿ ಲೇಡಿ ಪೋರ್ಟ್‌ಮನ್ ಸಂದೇಶ ತಂದಳು: ವೈದ್ಯರ ಪರೀಕ್ಷೆಯಿಂದ ನಿರ್ದೋಷಿಯೆಂದು ಗೊತ್ತಾಗುವವರೆಗೆ ಫ್ಲೋರಾ ರಾಣಿಯ ಸನ್ನಿಧಿಗೆ ಬರಕೂಡದು. ಡಚೆಸ್ ಮಾತ್ರ ಒಂದು ಕ್ಷಣವೂ ಆ ಮಾತನ್ನು ನಂಬಲಿಲ್ಲ. ಮಗಳ ಅರಮನೆಯಲ್ಲಿ ಕುಳಿತು, ಮಗಳ ವೈದ್ಯನನ್ನು ತನ್ನ ಚಾಕರಿಯಿಂದ ತೆಗೆದುಹಾಕಿದಳು. ಡಚೆಸ್‌ಳ ಬಗ್ಗೆ ಏನೇ ದೂರಿರಲಿ, ಈ ಒಂದು ಕೆಲಸಕ್ಕಾಗಿ ನನಗೆ ಅವಳ ಮೇಲೆ ಗೌರವ.

ಒಂದು ರಾತ್ರಿ ಊಟವಾದಮೇಲೆ ಈ ಕತೆಯನ್ನು ಮನೆಯಲ್ಲಿ ಹೇಳುತ್ತಿದ್ದೆ. ಮೆಲ್ಬರ್ನ್‌ನ ರಾಜಕೀಯ, ವಿಗ್ ಪಕ್ಷ, ಟೋರಿ ಪಕ್ಷ ಎಂದು ನಾನು ರಂಗೇರಿಸಿಕೊಂಡು ಹೋಗುತ್ತಿದ್ದಾಗ ನನ್ನ ಹೆಂಡತಿ, ವೀಳ್ಯದೆಲೆಯ ತೊಟ್ಟು ಮುರಿಯುತ್ತಿದ್ದವಳು, ಕೈ ನಿಲ್ಲಿಸಿ ಕೇಳಿದಳು: “ಅದೆಲ್ಲ ಇರಲಿ. ಪರೀಕ್ಷೆ ಮಾಡುವಾಗ ಆ ಕೋಣೇಲಿ ಅವಳ ಜೊತೆ ಯಾರಿದ್ರು?”

ನನಗೆ ಆ ಪ್ರಶ್ನೆ ಹೊಳೆದೇ ಇರಲಿಲ್ಲ. ಪುಸ್ತಕ ತೆಗೆದು ನೋಡಬೇಕಾಯಿತು.

ಫೆಬ್ರವರಿ 17, ಭಾನುವಾರ. ಕೋಣೆಯಲ್ಲಿ ಇಬ್ಬರು ವೈದ್ಯರು. ಒಬ್ಬ ಸರ್ ಜೇಮ್ಸ್. ಇನ್ನೊಬ್ಬ ಹೆಂಗಸರ ಕಾಯಿಲೆಗಳಿಗೆ ಹೆಸರಾದ ಸರ್ ಚಾರ್ಲ್ಸ್ ಕ್ಲಾರ್ಕ್. ಜೊತೆಗೆ ಲೇಡಿ ಪೋರ್ಟ್‌ಮನ್, ರಾಣಿಯ ಸಂದೇಶ ತಂದವಳು. ಫ್ಲೋರಾಳ ಕಡೆಯವಳೆಂದು ಹೇಳಬಹುದಾದವಳು ಅವಳ ದಾಸಿ ಒಬ್ಬಳು. ತಾಯಿ ದೂರದ ಸ್ಕಾಟ್ಲೆಂಡಿನಲ್ಲಿ; ಅವಳಿಗೆ ವಿಷಯವೇ ತಿಳಿಯದು. ಅಣ್ಣತಮ್ಮಂದಿರಲ್ಲಿ ಯಾರೂ ಇಲ್ಲ. ಗವರ್ನರ್ ಜನರಲ್‌ನ ಮಗಳು, ಲೌಡನ್ ಒಡತಿಯ ಮಗಳು, ಮೂವತ್ತಮೂರು ವರ್ಷದ ಹೆಂಗಸು, ಒಬ್ಬ ದಾಸಿಯ ಮುಖ ನೋಡಿಕೊಂಡು ಮಲಗಿದಳು.

ನಾನು ಓದಿ ಹೇಳಿದೆ. ನನ್ನ ಹೆಂಡತಿ ಏನೂ ಅನ್ನಲಿಲ್ಲ. ಎಲೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಎದ್ದುಹೋದಳು.

ಇಬ್ಬರು ವೈದ್ಯರೂ ಸಹಿ ಮಾಡಿ ಕಾಗದ ಕೊಟ್ಟರು. ಹೊಟ್ಟೆ ಊದಿರುವುದು ನಿಜ. ಆದರೆ ಬಸಿರಿದೆ ಎನ್ನಲಾಗಲಿ, ಎಂದಾದರೂ ಇತ್ತು ಎನ್ನಲಾಗಲಿ ಆಧಾರವಿಲ್ಲ ಎಂದು. ಅಂದರೆ ಆಕೆ ಕನ್ಯೆ. ರಾಣಿ ಲೇಡಿ ಪೋರ್ಟ್‌ಮನ್ ಮೂಲಕ ವಿಷಾದ ತಿಳಿಸಿದಳು. ಆರು ದಿನಗಳ ಮೇಲೆ, ಫೆಬ್ರವರಿ 23ರಂದು, ಫ್ಲೋರಾಳನ್ನು ಕರೆಸಿಕೊಂಡು ಕೈ ಹಿಡಿದು ಕ್ಷಮೆ ಕೇಳಿದಳು. ಕಣ್ಣಲ್ಲಿ ನೀರೂ ಬಂತಂತೆ. ಡಚೆಸ್‌ಳ ಮುಖ ನೋಡಿ ಕ್ಷಮಿಸುತ್ತೇನೆ ಎಂದಳು ಫ್ಲೋರಾ. ಕತೆ ಇಲ್ಲಿಗೆ ಮುಗಿಯಬೇಕಿತ್ತು.

ಮುಗಿಯಲಿಲ್ಲ. ಸಹಿ ಹಾಕಿದ ವೈದ್ಯರೇ ಆಮೇಲೆ ಮೆಲ್ಬರ್ನ್‌ನ ಕಿವಿಯಲ್ಲಿ ಇನ್ನೊಂದು ಮಾತು ಹಾಕಿದರು. ಕನ್ಯೆಯೇನೋ ಹೌದು, ಆದರೂ ಅಪರೂಪಕ್ಕೆ ಹೀಗೂ ಆಗುವುದುಂಟು, ಗರ್ಭಕೋಶ ದೊಡ್ಡದಾದಂತೆ ಕಂಡಿತು, ಖಂಡಿತವಾಗಿ ಹೇಳಲಾಗದು ಎಂದು. ರಾಣಿ ಇದನ್ನು ತನ್ನ ತಾಯಿಗೂ ಬರೆದು ತಿಳಿಸಿದಳು! ಅಷ್ಟೆಲ್ಲ ಮಾಡಿ ಪಡೆದ ಕಾಗದದ ಬೆಲೆ ಇಷ್ಟು. ಪರೀಕ್ಷೆಗೆ ಒಪ್ಪದಿದ್ದರೆ ಅಪರಾಧಿ. ಒಪ್ಪಿ ಗೆದ್ದರೂ ‘ಆದರೂ’ ಎಂಬ ಒಂದು ಮಾತು ಉಳಿದೇ ಉಳಿಯಿತು. ಹೊಟ್ಟೆ ಮಾತ್ರ ದಿನದಿನಕ್ಕೆ ಊದುತ್ತಲೇ ಇತ್ತು. ನೋಡುವವರು ತಿಂಗಳೆಣಿಸುತ್ತಲೇ ಇದ್ದರು.

ಫ್ಲೋರಾಳ ತಮ್ಮ, ಈಗಿನ ಮಾರ್ಕ್ವಿಸ್, ಲಂಡನ್ನಿಗೆ ಬಂದು, ಈ ಮಾತನ್ನು ಮೊದಲು ಆಡಿದವರು ಯಾರು ಎಂದು ಬಾಗಿಲು ಬಾಗಿಲಿಗೂ ಕೇಳಿದ. ಯಾರೂ ಹೇಳಲಿಲ್ಲ. ಪಿಸುಮಾತಿಗೆ ತಂದೆ ಯಾರೆಂದು ಎಲ್ಲಿಯೂ ಗೊತ್ತಾಗುವುದಿಲ್ಲವಷ್ಟೆ. ತಾಯಿ ಕೌಂಟೆಸ್ ಮೆಲ್ಬರ್ನ್‌ಗೆ ಬರೆದು, ಆ ವೈದ್ಯನನ್ನು ಅರಮನೆಯಿಂದ ತೆಗೆಯಬೇಕೆಂದಳು. ಇಂಥ ಬೇಡಿಕೆಗೆ ಉತ್ತರ ಕೊಡಲಾಗದು, ಪತ್ರ ತಲುಪಿದೆ, ಅಷ್ಟೆ, ಎಂಬ ಅರ್ಥದ ಮರುಪತ್ರ ಬಂತು. ಆಗ ಆ ಮನೆಯವರು ಮಾನದ ಮಾತನ್ನು ಬೀದಿಗೆ ತಂದರು. ಫ್ಲೋರಾ ತನ್ನ ಸೋದರತ್ತೆಯ ಗಂಡನಿಗೆ ನಡೆದದ್ದನ್ನೆಲ್ಲ ಬರೆದಿದ್ದಳು. ಮಾರ್ಚ್ ತಿಂಗಳಲ್ಲಿ ಅದು ‘ಎಗ್ಸಾಮಿನರ್’ ಪತ್ರಿಕೆಯಲ್ಲಿ ಅಚ್ಚಾಯಿತು. ತಾಯಿಯ ಪತ್ರವೂ ಮೆಲ್ಬರ್ನ್‌ನ ಉತ್ತರವೂ ‘ಮಾರ್ನಿಂಗ್ ಪೋಸ್ಟ್’ ಪತ್ರಿಕೆಯಲ್ಲಿ ಬಂದವು.

ಹೇಸ್ಟಿಂಗ್ಸ್ ಮನೆತನ ಟೋರಿ ಪಕ್ಷದ್ದು. ರಾಣಿಯ ಸಖಿಯರು ವಿಗ್ ಪಕ್ಷದ ಮನೆಗಳವರು. ಇನ್ನು ಕೇಳಬೇಕೆ! ಒಬ್ಬ ರೋಗಿಯ ಹೊಟ್ಟೆ ಪಕ್ಷಗಳ ಕದನಕ್ಕೆ ಕಣವಾಯಿತು. ಮೇ ತಿಂಗಳಲ್ಲಿ ಮೆಲ್ಬರ್ನ್ ರಾಜಿನಾಮೆಯಿತ್ತು, ಟೋರಿ ನಾಯಕ ಪೀಲ್ ಮಂತ್ರಿಮಂಡಲ ಕಟ್ಟಲು ಬಂದಾಗ, ಸಖಿಯರಲ್ಲಿ ಕೆಲವರನ್ನಾದರೂ ಬದಲಾಯಿಸಿ ಎಂದು ಕೇಳಿದ. ರಾಣಿ ಒಬ್ಬಳನ್ನೂ ಬಿಡೆನೆಂದು ಹಟ ಹಿಡಿದಳು. ಪೀಲ್ ಹಿಂದೆ ಸರಿದ. ಮೆಲ್ಬರ್ನ್ ಮರಳಿ ಬಂದ. ಶಾಲೆಯ ಚರಿತ್ರೆಯ ಪುಸ್ತಕಗಳಲ್ಲಿ ಇದಕ್ಕೆ ಒಂದು ಪ್ಯಾರಾ ಇರುತ್ತದೆ. ಫ್ಲೋರಾಳಿಗೆ ಅಲ್ಲಿ ಅರ್ಧ ಸಾಲು ಸಿಕ್ಕಿದರೆ ಹೆಚ್ಚು. ಅವಳ ಪರವಾಗಿ ಕೂಗಿದ ಟೋರಿಗಳಿಗೂ ಅವಳ ನೋವಿಗಿಂತ ಅವಳ ಉಪಯೋಗವೇ ಹೆಚ್ಚಾಗಿತ್ತೆಂದು ನನ್ನ ಅನುಮಾನ. ಜೂನ್ ತಿಂಗಳಲ್ಲಿ ಆಸ್ಕಟ್ ಕುದುರೆಪಂದ್ಯದಲ್ಲಿ ದೊಡ್ಡ ಮನೆತನದ ಇಬ್ಬರು ಹೆಂಗಸರು ರಾಣಿಯನ್ನು ನೋಡಿ ಛೀಗುಟ್ಟಿದರು. ‘ಮಿಸೆಸ್ ಮೆಲ್ಬರ್ನ್’ ಎಂಬ ಕೂಗೂ ಎದ್ದಿತು. ಒಬ್ಬ ಕನ್ಯೆಯ ಮೇಲೆ ಹೊರಿಸಿದ ಮಾತನ್ನು ಇನ್ನೊಬ್ಬ ಕನ್ಯೆಯ ಮೇಲೆ ಹೊರಿಸಿ ನ್ಯಾಯ ತೀರಿಸುವ ವಿಧಾನ ಇದು.

ಇಷ್ಟರಲ್ಲಿ ಫ್ಲೋರಾ ಹಾಸಿಗೆ ಹಿಡಿದಿದ್ದಳು. ಅದಕ್ಕೆ ಮೊದಲು ಅವಳು ಮಾಡಿದ್ದೆಂದರೆ, ತಾನು ಆರೋಗ್ಯವಾಗಿದ್ದೇನೆಂದು ತೋರಿಸಲು ನೋವು ನುಂಗಿಕೊಂಡು ನಾಲ್ಕು ಜನರ ನಡುವೆ ಓಡಾಡಿದ್ದು. ಮಲಗಿದರೆ ಮಾತಿಗೆ ಆಸ್ಪದ. ಎದ್ದು ಓಡಾಡಿದರೆ ದೇಹಕ್ಕೆ ದಂಡ. ರಾಣಿಗೆ ಇದು ಬರಿಯ ಪಿತ್ತವೆಂದೇ ಕೊನೆಯವರೆಗೂ ತೋರಿತು. ಜೂನ್ 27ರಂದು ಒಬ್ಬಳೇ ಅವಳ ಕೋಣೆಗೆ ಹೋದಳು. ಆ ದಿನದ ದಿನಚರಿಯನ್ನು ಓದಿದರೆ, ಹುಡುಗಿ ಮೊದಲ ಬಾರಿಗೆ ಕಣ್ಣು ಬಿಟ್ಟು ನೋಡಿದಳೆನಿಸುತ್ತದೆ: ಜೀವವಿರುವ ಮನುಷ್ಯರು ಇಷ್ಟು ಸವೆದಿರಲು ಸಾಧ್ಯವೆ ಎಂಬಂಥ ಅಸ್ಥಿಪಂಜರ, ಹೊಟ್ಟೆ ಮಾತ್ರ ತುಂಬುಬಸುರಿಯದರಂತೆ, ಕಣ್ಣಲ್ಲಿ ಹುಡುಕುವ ನೋಟ. ಫ್ಲೋರಾ ದೂರಲಿಲ್ಲ. ತನಗೆ ಇಲ್ಲಿ ಎಲ್ಲ ಅನುಕೂಲವೂ ಇದೆ, ರಾಣಿಯವರಿಗೆ ಕೃತಜ್ಞಳು ಎಂದಳು. ಇನ್ನೊಮ್ಮೆ ಬರುತ್ತೇನೆಂದು ರಾಣಿ ಹೇಳಿದಾಗ, ಆ ಇನ್ನೊಮ್ಮೆ ಬರುವುದಿಲ್ಲ ಎಂಬಂತೆ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳಂತೆ.

ಜುಲೈ 5ರ ಬೆಳಗಿನ ಜಾವ ಬಕಿಂಗ್‌ಹ್ಯಾಮ್ ಅರಮನೆಯಲ್ಲೇ ಪ್ರಾಣ ಹೋಯಿತು. ಶವಪರೀಕ್ಷೆ ನಡೆಯಿತು. ಅದು ನಡೆಯಬೇಕೆಂದು ಅವಳ ಇಚ್ಛೆಯೂ ಆಗಿತ್ತು. ಬದುಕಿದ್ದಾಗ ಬಲವಂತಕ್ಕೆ ಒಪ್ಪಿದ ಪರೀಕ್ಷೆಯನ್ನು ಸತ್ತಮೇಲೆ ತಾನೇ ಬೇಡಿದಳು. ಯಕೃತ್ತು ವಿಪರೀತವಾಗಿ ಬೆಳೆದು ಹೊಟ್ಟೆಯನ್ನೆಲ್ಲ ಒತ್ತಿತ್ತು. ಗರ್ಭಕೋಶ ಕನ್ಯೆಯದು, ಆರೋಗ್ಯವಾಗಿತ್ತು. ‘ಆದರೂ’ ಎನ್ನಲು ಇನ್ನು ಯಾರಿಗೂ ಬಾಯಿ ಬರಲಿಲ್ಲ.

ಬೆಳಕು ಹರಿಯುವ ಮುನ್ನ, ಜನ ಸೇರಬಾರದೆಂದು, ಅರಮನೆಯಿಂದ ಶವವನ್ನು ಹೊರಡಿಸಿದರು. ಆದರೂ ಜನ ಸೇರಿದ್ದರು. ಮರ್ಯಾದೆಗೆಂದು ರಾಣಿ ಕಳಿಸಿದ್ದ ಸಾರೋಟಿನ ಮೇಲೆ ಕಲ್ಲು ಬಿದ್ದವು. ಹಡಗಿನಲ್ಲಿ ಸ್ಕಾಟ್ಲೆಂಡಿಗೆ ಕೊಂಡೊಯ್ದು, ಲೌಡನ್ ಮನೆತನದ ಹಳೆಯ ಇಗರ್ಜಿಯ ನೆಲಮಾಳಿಗೆಯಲ್ಲಿ ಇಟ್ಟರು.

ಲೆಕ್ಕ ಒಪ್ಪಿಸುವುದಾದರೆ, ಸರ್ ಜೇಮ್ಸ್ 1860ರವರೆಗೆ ರಾಜವೈದ್ಯನಾಗಿಯೇ ಇದ್ದ. ಕಾನ್ರಾಯ್ ಆ ಜೂನ್ ತಿಂಗಳಲ್ಲೇ ಅರಮನೆಯ ಕೆಲಸ ಬಿಟ್ಟ. ಮರುವರ್ಷ ರಾಣಿಯ ಮದುವೆಯಾಯಿತು, ಎರಡು ವರ್ಷ ಕಳೆದು ಲೇಹ್ಜೆನ್ ತನ್ನ ದೇಶಕ್ಕೆ ಹೋದಳು. ರಾಣಿಗೆ ಒಂಬತ್ತು ಮಕ್ಕಳಾದವು. ಪುಸ್ತಕಗಳಲ್ಲಿ ಮುಂದಿನದೆಲ್ಲ ಇದೆ. ನನಗೆ ಹತ್ತೊಂಬತ್ತು ವರ್ಷದ ಆ ಹುಡುಗಿಯ ಮೇಲೆ ಪೂರ್ತಿ ಸಿಟ್ಟು ಬರುವುದಿಲ್ಲ. ಮೆಟ್ಟಲಿಳಿಯಲೂ ಸ್ವಾತಂತ್ರ್ಯವಿಲ್ಲದೆ ಬೆಳೆದವಳ ಕೈಗೆ ಒಂದು ದಿನ ಬೆಳಗಾಗುವುದರಲ್ಲಿ ರಾಜದಂಡ ಬಂದರೆ ಮೊದಲ ಪೆಟ್ಟು ಹತ್ತಿರದವರ ಮೇಲೆಯೇ ಬೀಳುತ್ತದೆ. ಪಕ್ಕದಲ್ಲಿದ್ದ ಅರವತ್ತರ ಪ್ರಧಾನಮಂತ್ರಿಯ ಮೇಲೆ ಮಾತ್ರ ನನಗೆ ಸಿಟ್ಟಿದೆ. ಒಂದು ಮಾತು ಹೇಳಿ ತಡೆಯಬಹುದಾಗಿತ್ತು; ಅವನು ಕಾದು ನೋಡೋಣ ಎಂದ.

1841ರಲ್ಲಿ ತಂಗಿ ಸೋಫಿಯಾ ಅಕ್ಕನ ಪದ್ಯಗಳನ್ನು ಸೇರಿಸಿ ಎಡಿನ್‌ಬರೋದಲ್ಲಿ ಅಚ್ಚುಹಾಕಿಸಿದಳು. 1858ರಲ್ಲಿ ತಂದೆಯ ಹಿಂದೂಸ್ಥಾನದ ದಿನಚರಿಯನ್ನು ಹೊರತಂದವಳೂ ಅವಳೇ. ತಾಯಿ ಅಷ್ಟು ದಿನ ಬದುಕಲಿಲ್ಲ. ಮಗಳು ಸತ್ತ ಆರು ತಿಂಗಳಿಗೆ, 1840ರ ಜನವರಿಯಲ್ಲಿ, ಕೌಂಟೆಸ್ ತೀರಿಕೊಂಡಳು. ಅದೇ ನೆಲಮಾಳಿಗೆಯ ಬಾಗಿಲನ್ನು ಮತ್ತೆ ತೆರೆದರು. ಹದಿಮೂರು ವರ್ಷದಿಂದ ಕಾಪಾಡಿಕೊಂಡು ಬಂದಿದ್ದ ಆ ಬಲಗೈಯನ್ನು, ಮಕ್ಕಳು ಓದಲೆಂದು ಗಂಗೆಯ ಮೇಲೆ ದಿನಚರಿ ಬರೆದ ಕೈಯನ್ನು, ತಂದು ಹೆಂಡತಿಯ ಪೆಟ್ಟಿಗೆಯಲ್ಲಿ ಇಟ್ಟರು. ಅದೇ ಮಾಳಿಗೆಯಲ್ಲಿ ಮಗಳೂ ಇದ್ದಳು.